ಕ್ರೀಡಾಕೂಟಕ್ಕೆ ಅಡ್ಡ ನಿಂತ ಕೀಲಿ ಮಾವ

ನಮ್ಮ ಬೀದಿಯ ಅರವತ್ತಮೂರು ಮನೆಗಳಿಗೂ ಬೀಗ ಮಾಡಿಕೊಟ್ಟವನು ಒಬ್ಬನೇ, ಕೀಲಿ ಮಾವ. ಅವನ ನಿಜವಾದ ಹೆಸರು ಹೆಂಡತಿಗೂ ಮರೆತುಹೋಗಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಮೇಜು, ಮೇಜಿನ ಅಂಚನ್ನು ಕಚ್ಚಿಕೊಂಡ ಕಬ್ಬಿಣದ ಇಕ್ಕಳ, ಗೋಡೆಗೆ ಸಾಲಾಗಿ ನೇತುಹಾಕಿದ ಒಂಬತ್ತು ಅರಗಳು. ಮಾವ ಅರ ಹಿಡಿದು ಉಜ್ಜಲು ಕೂತರೆ ಹಿತ್ತಾಳೆಯ ಪುಡಿ ಹಾರಿ ಹುಬ್ಬಿನ ಮೇಲೆ ಕೂರುತ್ತಿತ್ತು. ಹಾಗೇ ಬಿಸಿಲಿಗೆ ಬಂದು ನಿಂತರೆ ಎದುರು ಮನೆಯವರು ಕಣ್ಣು ಕುಕ್ಕುತ್ತದೆ ಎಂದು ಪರದೆ ಎಳೆದುಕೊಳ್ಳುತ್ತಿದ್ದರು.

ಮಾವನ ಕೈಚಳಕವೆಲ್ಲ ಕೀಲಿಕೈಯ ತಲೆಯಲ್ಲಿತ್ತು. ಒಬ್ಬರಿಗೆ ಮೀನಿನ ಆಕಾರ, ಒಬ್ಬರಿಗೆ ಎಲೆ, ಪಕ್ಕದ ಟೈಲರ್ ಅಕ್ಕನಿಗೆ ಕತ್ತರಿ, ನಿವೃತ್ತ ಡ್ರಿಲ್ ಮೇಷ್ಟ್ರಿಗೆ ಸೀಟಿ. ಜನ ಅದನ್ನು ಒಡವೆಯ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆರೆಯುತ್ತಿದ್ದರು. ತಲೆ ನೋಡಿದ ಭರದಲ್ಲಿ ಒಬ್ಬರೂ ಹಲ್ಲು ನೋಡಿರಲಿಲ್ಲ. ಅರವತ್ತಮೂರು ಕೀಲಿಕೈಗಳ ಹಲ್ಲೂ ಒಂದೇ!

ಮಾವನದು ಮೋಸವಲ್ಲ, ಪಾಪ. ಕಸುಬು ಕಲಿಸಿದ ಅಪ್ಪ ಒಂದು ಮಾದರಿ ಹೇಳಿಕೊಟ್ಟು, ಎರಡನೆಯದನ್ನು ನಾಳೆ ಹೇಳ್ತೀನಿ ಎಂದು ಮಲಗಿದವನು ಏಳಲೇ ಇಲ್ಲ. ಮೊದಲ ಬೀಗಕ್ಕೆ ಮಾವ ಅದೇ ಮಾದರಿ ಹಾಕಿದ. ಎರಡನೆಯದಕ್ಕೆ ಬೇರೆ ನೋಡೋಣ ಎಂದುಕೊಂಡ. ಹತ್ತನೆಯದಕ್ಕೆ ಅದು ಅಭ್ಯಾಸವಾಯಿತು, ಅರವತ್ತಮೂರನೆಯದಕ್ಕೆ ಗುಟ್ಟಾಯಿತು. ಗುಟ್ಟು ಕಾಯುವವನಿಗೆ ಕಾಲಿಗೆ ಸಂಕೋಲೆ. ತಾನು ಅತ್ತ ಹೋದಾಗ ಇತ್ತ ಯಾರಾದರೂ ಯಾರದೋ ಕೀಲಿಕೈ ಯಾರದೋ ಬಾಗಿಲಿಗೆ ಹಾಕಿಬಿಟ್ಟರೆ? ಹೀಗಾಗಿ ಮೂವತ್ತೆರಡು ವರ್ಷ ಮಾವ ಬೀದಿಯ ತುದಿ ದಾಟಲಿಲ್ಲ. ಅತ್ತೆ, ಅಂದರೆ ಅವನ ಹೆಂಡತಿ, "ಒಂದ್ಸಲ ಎಲ್ಲಾದ್ರೂ ಕರ್ಕೊಂಡು ಹೋಗ್ರೀ" ಎಂದಾಗಲೆಲ್ಲ ಅರ ಕೈಗೆತ್ತಿಕೊಂಡು, "ಕೆಲಸ ಇದೆ ಕಣೇ" ಎನ್ನುತ್ತಿದ್ದ.

ಅಂಥ ಹೊತ್ತಿನಲ್ಲಿ ನಮ್ಮೂರಿಗೆ ಮಹಾ ಕ್ರೀಡಾಕೂಟ ಬಂತು.

ಬೀದಿಗೆ ಹುಚ್ಚು ಹಿಡಿಯಿತು. ಗೋಡೆಗಳಿಗೆ ಎಷ್ಟು ಸಲ ಬಣ್ಣ ಬಳಿದರೆಂದರೆ ಎರಡೂ ಕಡೆಯಿಂದ ದಪ್ಪವಾಗಿ ರಸ್ತೆ ಒಂದು ಅಡಿ ಕಿರಿದಾಯಿತು. ಸ್ವಾಗತ ಸಮಿತಿಯ ಅಧ್ಯಕ್ಷರಾದ ಡ್ರಿಲ್ ಮೇಷ್ಟ್ರು ದಿನಾ ಬೆಳಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಗು ಕಲಿಸಿದರು. "ಒಂದು ಅಂದ್ರೆ ತುಟಿ! ಎರಡು ಅಂದ್ರೆ ಹಲ್ಲು! ಮೂರು ಅಂದ್ರೆ ಕಣ್ಣು! ಏನಮ್ಮಾ ಟೈಲರ್ರೇ, ಅದು ನಗುವೋ ಹಲ್ಲುನೋವೋ?" ಪ್ರತಿ ಮನೆಯೂ ಒಂದು ಕೋಣೆಯನ್ನು ಪ್ರವಾಸಿಗಳಿಗೆ ಬಿಟ್ಟುಕೊಡುವುದೆಂದು ತೀರ್ಮಾನವಾಯಿತು. ಎಲ್ಲ ಮನೆಯ ಕೀಲಿಕೈಗಳನ್ನೂ ಸಮಿತಿಯ ಕಚೇರಿಯಲ್ಲಿ ಒಂದೇ ಹಲಗೆಗೆ ತೂಗುಹಾಕಿ, ಬಂದವರ ಕೈಗೆ ಅಲ್ಲಿಂದಲೇ ಕೊಡುವುದೆಂದೂ ಆಯಿತು.

ಒಂದೇ ಹಲಗೆ! ಅಕ್ಕಪಕ್ಕ ನೇತಾಡುವ ಅರವತ್ತಮೂರು ಒಂದೇ ಥರದ ಹಲ್ಲು! ಮಾವ ಆ ರಾತ್ರಿಯೆಲ್ಲ ಕೂತು ಬೀದಿಯ ಬಾಗಿಲುಗಳನ್ನು ಎಣಿಸಿದ.

ಮರುದಿನ ಕ್ರೀಡಾಕೂಟದ ಬಗ್ಗೆ ಜನರ ಅಭಿಪ್ರಾಯ ಕೇಳಲು ಸಮೀಕ್ಷೆಯ ಹೆಂಗಸು ಬಂದಳು. ಕಾಗದದಲ್ಲಿ ಐದು ಚೌಕ. ಮೊದಲನೆಯದು 'ಅತಿ ಸಂತೋಷ', ಕೊನೆಯದು 'ತೀವ್ರ ವಿರೋಧ'. ಮಾವ ಕೊನೆಯದಕ್ಕೆ ಗುರುತು ಹಾಕಿ, ಅದು ಸಾಲದೆಂದು ಅದರ ಕೆಳಗೆ ತಾನೇ ಆರನೆಯ ಚೌಕ ಬರೆದು ಅದಕ್ಕೂ ಗುರುತು ಹಾಕಿದ.

"ಕಾರಣ ಏನು ಸಾರ್? ಗದ್ದಲವಾ? ಧೂಳಾ? ಮರ ಕಡಿಯೋದಾ?"

"ಎಲ್ಲಾನೂ," ಎಂದ ಮಾವ.

ಇಡೀ ಬೀದಿಗೆ ವಿರೋಧಿ ಅವನೊಬ್ಬನೇ ಆದ್ದರಿಂದ ಸುದ್ದಿಯಾದ. ಮರ ಉಳಿಸುವವರು ಬಂದು ಕೈ ಕುಲುಕಿದರು. ಗದ್ದಲ ವಿರೋಧಿಗಳು ಬಂದು ಕಿಟಕಿಯ ಕೆಳಗೆ ಮೂರು ಗಂಟೆ ಘೋಷಣೆ ಕೂಗಿದರು. ಒಬ್ಬ ಮುದುಕನಂತೂ, "ಇಂಥ ತತ್ತ್ವನಿಷ್ಠನನ್ನ ಬರೀ ಪುಸ್ತಕದಲ್ಲಿ ಓದಿದ್ದೆ" ಎಂದು ಕಣ್ಣೊರೆಸಿಕೊಂಡ. ಮಾವ ಮೇಜಿನ ಕೆಳಗೆ ಏನನ್ನೋ ಹುಡುಕುವವನ ಹಾಗೆ ಬಗ್ಗಿದವನು ಅವರೆಲ್ಲ ಹೋಗುವವರೆಗೆ ಏಳಲಿಲ್ಲ.

ಕೂಟಕ್ಕೆ ಎಂಟು ದಿನ ಉಳಿದಿತ್ತು. ಮೇಷ್ಟ್ರ ಅಂಗಳದಲ್ಲಿ ಮಧ್ಯಾಹ್ನ ಸಭೆ ಸೇರಿ ಎಲ್ಲರೂ ಕೀಲಿಕೈ ತಂದು ಒಪ್ಪಿಸುವುದಿತ್ತು. ಮಾವ ಎದ್ದು ನಿಂತ.

"ಬಂದ್ನಪ್ಪಾ ಅಪಶಕುನ," ಎಂದಳು ಟೈಲರ್ ಅಕ್ಕ. "ಏನ್ ಮಾವ, ನಾವು ನಾಲ್ಕು ಜನದ ಮುಖ ನೋಡೋದು ನಿನಗೆ ಹೊಟ್ಟೆಕಿಚ್ಚಾ?"

ಮಾವ ಅವಳ ಕೈಯಿಂದ ಕತ್ತರಿಯಾಕಾರದ ಕೀಲಿಕೈ ತೆಗೆದುಕೊಂಡು ಮೇಷ್ಟ್ರ ಬಾಗಿಲಿನ ಬೀಗಕ್ಕೆ ಹಾಕಿ ತಿರುಗಿಸಿದ. ಬೀಗ ಸಾಕಿದ ನಾಯಿಯ ಹಾಗೆ ಬಾಯಿ ತೆರೆಯಿತು.

"ಎಲ್ಲಾ ಒಂದೇ," ಎಂದ. "ಮೊದಲಿಂದಲೂ. ಬೈಯೋರು ಬೈರಿ, ಹೊಡೆಯೋರು ಹೊಡೀರಿ. ನನಗೆ ಇನ್ನು ಆಗಲ್ಲ."

ಯಾರೂ ಹೊಡೆಯಲಿಲ್ಲ. ಎಲ್ಲರೂ ಮೊದಲು ತಮ್ಮ ಕೈಯಲ್ಲಿದ್ದ ಕೀಲಿಕೈ ನೋಡಿಕೊಂಡರು, ಆಮೇಲೆ ಮೆಲ್ಲಗೆ ಪಕ್ಕದವರ ಮುಖ ನೋಡಿದರು.

ಕೊನೆಗೆ ಮೇಷ್ಟ್ರು ಪಿಸುಗುಟ್ಟಿದರು. ಅವರ ಪಿಸುಮಾತು ಮೂರು ಬೀದಿಯಾಚೆ ಕೇಳುತ್ತಿತ್ತು, ಅದು ಬೇರೆ ಮಾತು. "ಈ ವಿಷಯ ಬೀದಿ ದಾಟಕೂಡದು! ಕೂಟದ ಮೇಲಿನವರಿಗೆ ಗೊತ್ತಾದ್ರೆ ನಮ್ಮ ಬೀದಿ ಪಟ್ಟಿಯಿಂದ ಹೊರಗೆ. ಒಬ್ಬ ಪ್ರವಾಸಿಯೂ ಇತ್ತ ತಲೆ ಹಾಕಲ್ಲ."

"ಬೀಗ ಬದಲಾಯಿಸೋಣ್ವಾ?" ಎಂದರು ಯಾರೋ.

"ಯಾರು ಮಾಡ್ತಾರೆ? ಇವನಿಗೆ ಬರೋದು ಒಂದೇ. ಹೊರಗಿನವನನ್ನ ಕರೆದ್ರೆ ಅವನೇ ಡಂಗುರ ಸಾರ್ತಾನೆ. ಮಾವ, ನೀನು ಏನೂ ಹೇಳಿಲ್ಲ, ನಾವು ಏನೂ ಕೇಳಿಲ್ಲ. ಹೋಗು!" ಎಂದರು ಮೇಷ್ಟ್ರು.

ಮಾವ ಮೂವತ್ತೆರಡು ವರ್ಷ ಒಬ್ಬನೇ ಹೊತ್ತಿದ್ದನ್ನು ಅರವತ್ತಮೂರು ಮನೆಯವರು ಹಂಚಿಕೊಂಡು ಮನೆಗೆ ಒಯ್ದರು.

ಕೂಟ ಶುರುವಾಯಿತು. ಪ್ರವಾಸಿಗಳು ಹಿಂಡುಹಿಂಡಾಗಿ ಬಂದರು. ಅವರ ಬಗ್ಗೆ ಯಾರಿಗೂ ಭಯವಿರಲಿಲ್ಲ. ಪಾಪ, ಪರದೇಶಿಗಳು, ಅವರಿಗೇನು ಗೊತ್ತು? ಗೊತ್ತಿದ್ದದ್ದು ನೆರೆಯವರಿಗೆ! ಮೇಷ್ಟ್ರು ಟೈಲರ್ ಅಕ್ಕನಿಗೆ ಹೆದರಿ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತರು. ಮೇಷ್ಟ್ರು ಕೂತದ್ದು ತನ್ನ ಬಾಗಿಲಿಗೆ ಹೊಂಚು ಹಾಕಲಿಕ್ಕೇ ಎಂದು ಟೈಲರ್ ಅಕ್ಕ ಹೊಲಿಗೆ ಯಂತ್ರವನ್ನೇ ಹೊಸಿಲಿಗೆ ಎಳೆದು ತಂದಳು. ಅವಳನ್ನು ನೋಡಿ ಅವಳ ಪಕ್ಕದವರು, ಅವರನ್ನು ನೋಡಿ ಅವರ ಪಕ್ಕದವರು. ಇಡೀ ಬೀದಿ ಬಾಗಿಲಲ್ಲಿ ಕೂತು, ಕಲಿತ ಪ್ರಕಾರ ತುಟಿ, ಹಲ್ಲು, ಕಣ್ಣು ಬಿಟ್ಟು ನಗುತ್ತಿತ್ತು. ಪ್ರವಾಸಿಗಳು ಪಟ ತೆಗೆದುಕೊಂಡರು. ಅತಿಥಿಗಳನ್ನು ಎದುರುಗೊಳ್ಳಲು ಇಲ್ಲಿನವರು ಹಗಲೆಲ್ಲ ಹೊಸಿಲು ಬಿಟ್ಟು ಕದಲುವುದಿಲ್ಲ ಎಂದು ಒಂದು ಪತ್ರಿಕೆ ಕೊಂಡಾಡಿತು. ಆಟ ಕರೆಸಿಕೊಂಡವರಲ್ಲಿ ಒಬ್ಬರೂ ಆಟ ನೋಡಲಿಲ್ಲ.

ಇಬ್ಬರನ್ನು ಬಿಟ್ಟು. ಮಾವನಿಗೆ ಇನ್ನು ಕಾಯಲು ಏನಿತ್ತು? ಮೊದಲ ದಿನ ಅತ್ತೆಯ ಜೊತೆ ಬೀದಿಯ ತುದಿ ದಾಟುವಾಗ ಅವನು ಮೂರು ಸಲ ಹಿಂತಿರುಗಿ ನೋಡಿದ. ಕ್ರೀಡಾಂಗಣದಲ್ಲಿ ಓಟಕ್ಕೆ ಪಿಸ್ತೂಲು ಹಾರಿಸಿದಾಗ ಏನೋ ಅನಾಹುತವಾಯಿತೆಂದು ಮನೆಯ ಕಡೆ ಓಡಲು ಎದ್ದ. ಅತ್ತೆ ಅಂಗಿಯ ಚುಂಗು ಹಿಡಿದು ಕೂರಿಸಿದಳು.

"ನೀವು ಓಡೋದಲ್ಲ ಕಣ್ರೀ, ಅವರು ಓಡೋದು."

ಎರಡನೆಯ ದಿನ ಮಾವ ಗಂಟಲು ಕಟ್ಟಿಹೋಗುವಷ್ಟು ಕೂಗಿದ. ಯಾರ ಪರವಾಗಿ ಎಂದು ಅತ್ತೆ ಕೇಳಿದ್ದಕ್ಕೆ, "ಹಿಂದೆ ಬಿದ್ದೋರ ಪರವಾಗಿ" ಎಂದ. ಮೂರನೆಯ ದಿನ ಅತ್ತೆಗೇ ಸಾಕಾಯಿತು. "ಕಾಲು ನೋವು, ನೀವೊಬ್ರೇ ಹೋಗಿ" ಎಂದಳು. ಮಾವ ಹಿಂದೆಮುಂದೆ ನೋಡದೆ ತಲೆ ಬಾಚಿಕೊಂಡು ಹೊರಟ. ಬಾಗಿಲು ಕಾಯುತ್ತಿದ್ದ ಟೈಲರ್ ಅಕ್ಕ ಕೂತಲ್ಲಿಂದಲೇ ಕತ್ತು ಚಾಚಿದಳು.

"ಮಾವ, ಇವತ್ತು ಏನಿದೆಯೋ ಅಲ್ಲಿ?"

"ಎತ್ತರ ಜಿಗಿತ," ಎಂದ ಮಾವ, ನಿಲ್ಲದೆ. "ಬರ್ತೀಯಾ?"

ಅಕ್ಕ ಒಮ್ಮೆ ಎದ್ದಳು. ಮೇಷ್ಟ್ರ ಕಡೆ ನೋಡಿ ಮತ್ತೆ ಕೂತಳು.