ಹಸನು ಮಾಡಿದ ಹುಲ್ಲುಬೀಜ

ಡೋಣಿಯ ಗುಡ್ಡದಲ್ಲಿ ದಿನವಿಡೀ ತಿರುಗಿ ಒಂದು ಚೀಲ ಕಾಡುಹುಲ್ಲಿನ ಬೀಜ ಕೂಡಿಸಿದ್ದೆ. ಹೊಸ ಮೇವಿನ ತಳಿ ಬೆಳೆಸುವವರಿಗೆ ಕುಳ್ಳ, ಎತ್ತರ, ಬಡಕಲು, ಎಲ್ಲ ಗಿಡದ್ದೂ ಬೇಕು. ಮರುದಿನ ಗುಡ್ಡಕ್ಕೆ ದನ ಬಿಡುವವರಿದ್ದರು. ಆಮೇಲೆ ಬೀಜ ಸಿಗುವುದು ಮುಂದಿನ ವರ್ಷವೇ.

ನೀರು ಕೇಳಲು ಹೋದ ಮನೆಯಲ್ಲಿ ನೀಲವ್ವ ಎಂಬಾಕೆ ಎಮ್ಮೆಯ ಮೈ ತೊಳೆಯುತ್ತಿದ್ದಳು. ನಾನು ಹಿತ್ತಲಲ್ಲಿ ಕೈಕಾಲು ತೊಳೆದು ಬರುವಷ್ಟರಲ್ಲಿ ನನ್ನ ಚೀಲವನ್ನು ಮೊರಕ್ಕೆ ಸುರಿದು ಗಾಳಿಗೆ ತೂರಿಬಿಟ್ಟಿದ್ದಳು.

"ಬರೇ ಹೊಟ್ಟ ತುಂಬಿತ್ರಿ ಅಕ್ಕಾರ. ಹಸನ ಮಾಡೇನಿ."

"ಆ ಹೊಟ್ಟೇ ಬೀಜಾರೀ ನಮ್ಮವ್ವ."

"ಹಂಗಾರ ಮೊರದಾಗ ಉಳದದ್ದು?"

"ಕಲ್ಲು, ಹಳ್ಳು."

ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಎಮ್ಮೆ ಕಣ್ಣಿಗೆ ಬಿತ್ತು. ಹಾರಿದ ಬೀಜವೆಲ್ಲ ಅದರ ಒದ್ದೆ ಮೈಗೆ ಅಂಟಿ, ಎಮ್ಮೆಗೆ ಕುರಿಯ ಉಣ್ಣೆ ಬಂದಂತಿತ್ತು. ಇಬ್ಬರೂ ಕುಸಿದು ಕೂತು ನಕ್ಕೆವು. ನೀಲವ್ವ ತಾನು ತಲೆ ಬಾಚುವ ಎರಡು ಹಣಿಗೆಗಳನ್ನೇ ತಂದಳು. ಒಬ್ಬಳು ಆ ಕಡೆ, ಒಬ್ಬಳು ಈ ಕಡೆ ನಿಂತು ಬಾಚಿದೆವು. ಎಮ್ಮೆ ಮದುಮಗಳಂತೆ ಕಣ್ಣುಮುಚ್ಚಿ ನಿಂತಿತ್ತು.

"ಬಾಲದಾಗೂ ಅದಾವ್ರಿ, ಬಿಡಬ್ಯಾಡ್ರಿ," ಅಂದಳು ನೀಲವ್ವ. ಬಿಡುವವಳೇ ನಾನು?

ವಾರದ ಮೇಲೆ ಬೀಜ ಪಡೆದವರು ಫೋನ್ ಮಾಡಿದರು. "ಬೀಜ ಬೇಕಾದಷ್ಟಿವೆ. ಆದರೆ ಈ ಕರಿ ಕೂದಲು ಯಾವುದು?"

"ಎಮ್ಮೀದ್ರಿ," ಅಂದೆ. "ಹಾಲು ಭಾಳ ಚಲೋ ಕೊಡ್ತೈತಿ."