ವಿಮಾನದಲ್ಲಿ ಬಂದ ಟಗರು

ಕೆಲವು ವಾರಗಳ ಹಿಂದೆ ಒಂದು ಭಾನುವಾರ ನಾನು ಕ್ಯೂನಲ್ಲಿ ನಿಂತಿದ್ದೆ. ರೇಷನ್ನಿಗಲ್ಲ, ಆಧಾರ್ ತಿದ್ದುಪಡಿಗೂ ಅಲ್ಲ. ಒಂದು ಟಗರಿನ ಬೆನ್ನು ಮುಟ್ಟುವುದಕ್ಕೆ.

ನಗಬೇಡಿ. ನನ್ನ ಮುಂದೆ ಒಬ್ಬ ರಿಟೈರ್ಡ್ ಹೆಡ್‌ಮಾಸ್ಟರು ನಿಂತಿದ್ದರು, ಹಿಂದೆ ಹಾಲಿನ ಡೇರಿಯ ಕಾರ್ಯದರ್ಶಿ. ಎಲ್ಲರ ಮುಖವೂ ಗಂಭೀರವಾಗಿತ್ತು.

ಟಗರು ನನ್ನ ಸ್ಕೂಲ್‌ಮೇಟ್ ಪುಟ್ಟಸ್ವಾಮಿಯದು. ಮಂಡ್ಯದ ಪಕ್ಕ, ದುದ್ದದ ಹತ್ತಿರ ಅವನ ಊರು. ರೇಷ್ಮೆ ನೋಡಿದ, ಕೋಳಿ ನೋಡಿದ, ಒಂದು ವರ್ಷ ಅಣಬೆಯನ್ನೂ ನೋಡಿದ. ಈಗ ಕುರಿಯ ಸರದಿ. ಮನೆಯಲ್ಲಿ ಮೊದಲೇ ಮಾಂಸದ ರುಚಿಗೆ ಹೆಸರಾದ ಬಂಡೂರು ಕುರಿಗಳಿದ್ದವು ಅನ್ನಿ. ಆದರೆ ಅವು ಅವನವಲ್ಲ, ಹೆಂಡತಿ ಭಾಗ್ಯಮ್ಮನವು. ತವರಿನಿಂದ ಬಂದವು (ಈ ವ್ಯತ್ಯಾಸವನ್ನು ಆ ಮನೆಯಲ್ಲಿ ಯಾರೂ ಮರೆಯುವಂತಿಲ್ಲ).

ಭಾಗ್ಯಮ್ಮನ ತಂದೆ ಚನ್ನೇಗೌಡರು ಮಳವಳ್ಳಿ ತಾಲ್ಲೂಕಿನವರು. ಬಂಡೂರಿಗೆ ಕೂಗಳತೆಯ ಹಳ್ಳಿ. ಕುರಿಯ ವಿಷಯದಲ್ಲಿ ಅವರ ಮಾತಿಗೆ ಸುತ್ತಮುತ್ತ ಅಪೀಲಿಲ್ಲ. ಮಗಳಿಗೆ ಬಳುವಳಿಯಾಗಿ ಕೊಟ್ಟ ಎರಡು ಮರಿಗಳು ಬೆಳೆದು, ಈದು, ಈಗೊಂದು ಸಣ್ಣ ಹಿಂಡೇ ಆಗಿದೆ. ನಾನು ಹೇಳುತ್ತಿರುವ ಸಮಯದಲ್ಲಿ ಹಿಂಡಿನಲ್ಲಿ ಹೆಚ್ಚಿನವು ಗಬ್ಬವಾಗಿದ್ದವು. ಭಾಗ್ಯಮ್ಮ ಅವುಗಳಿಗೆ ರಾಗಿ ಗಂಜಿ ಕಾಯಿಸಿ ಹಾಕುತ್ತಿದ್ದರು. ಗಂಡನಿಗೆ ಕಾಫಿ ತಡವಾದರೂ ಕುರಿಗೆ ಗಂಜಿ ತಡವಾಗುತ್ತಿರಲಿಲ್ಲ.

ಪುಟ್ಟಸ್ವಾಮಿಗೆ ಹೊಳೆದದ್ದು ಫಾರಿನ್ ಟಗರು. ಬೇಗ ತೂಕ ಬರುವ ತಳಿಯಂತೆ. ಹೊರರಾಜ್ಯದ ಒಂದು ಫಾರ್ಮಿನವರು ವಿದೇಶದಿಂದ ವಿಮಾನದಲ್ಲಿ ತರಿಸಿದ ಟಗರುಗಳಲ್ಲಿ ಒಂದನ್ನು ಕೊಂಡು, ಲಗೇಜ್ ಆಟೋದಲ್ಲಿ ಹುಲ್ಲು ಹಾಸಿ, ಊರಿಗೆ ಕರೆತಂದ. ಬಿಳಿ ಮೈ, ಕಪ್ಪು ತಲೆ. ಹೆಸರು ದೊರೆ.

ದೊರೆಯ ಜೊತೆಗೆ ಒಂದು ಫೈಲೂ ಬಂತು. ತಿರುವಿ ನೋಡಿ ನಾನು ಸುಸ್ತಾದೆ. ಒಂದು ಕುರಿ ಈ ದೇಶಕ್ಕೆ ಕಾಲಿಡಬೇಕಾದರೆ ಮೊದಲು ದೆಹಲಿಯಿಂದ ಪರ್ಮಿಟ್ ಆಗಬೇಕು. ಹೊರಡುವ ದೇಶದ ಸರ್ಕಾರಿ ವೈದ್ಯರು ಈ ಪ್ರಾಣಿಗೆ ಇಂಥಿಂಥ ರೋಗವಿಲ್ಲ ಎಂದು ಸಹಿ ಹಾಕಬೇಕು. ರಕ್ತ ಪರೀಕ್ಷೆಯಾಗಬೇಕು. ಇಲ್ಲಿ ಇಳಿದ ಮೇಲೆ ಕ್ವಾರಂಟೈನ್ ಕೇಂದ್ರದಲ್ಲಿ ಒಬ್ಬಂಟಿಯಾಗಿ ದಿನ ಕಳೆಯಬೇಕು. ಅಲ್ಲಿ ಮತ್ತೆ ಪರೀಕ್ಷೆ. ಪಾಸಾದರೆ ಮಾತ್ರ ಹೊರಗೆ. ನನ್ನ ಪಾಸ್‌ಪೋರ್ಟಿಗೆ ಯಾರೂ ನನ್ನ ರಕ್ತ ಕೇಳಿರಲಿಲ್ಲ.

ಇದನ್ನೆಲ್ಲ ಆಡಿಕೊಳ್ಳುತ್ತಿಲ್ಲ. ಒಂದು ಪ್ರಾಣಿಯ ಜೊಲ್ಲಿನಲ್ಲಿ ಕುಳಿತು ಬಂದ ರೋಗ ಒಂದು ಸೀಮೆಯ ಕೊಟ್ಟಿಗೆಗಳನ್ನೇ ಖಾಲಿ ಮಾಡಿಬಿಡಬಹುದು. ಇಂಥ ನಿಯಮಕ್ಕೆ ಬ್ರಿಟಿಷರ ಕಾಲದಲ್ಲೇ ಕಾಯ್ದೆ ಮಾಡಿದ್ದರು. ಬಾಗಿಲಲ್ಲೇ ತಡೆಯುವುದು ಬುದ್ಧಿವಂತಿಕೆ.

ಊರಿನ ಪಶು ಆಸ್ಪತ್ರೆಯ ಡಾಕ್ಟರಮ್ಮನೂ ಬಂದು ದೊರೆಯನ್ನು ನೋಡಿದರು. "ಪ್ರಯಾಣದ ಸುಸ್ತು ಇಳೀಲಿ, ಆಮೇಲೆ ಲಸಿಕೆ ಹಾಕ್ತೀನಿ. ಅಲ್ಲಿವರೆಗೂ ಬೇರೆ ಶೆಡ್ಡು, ಬೇರೆ ನೀರಿನ ತೊಟ್ಟಿ. ಮೇವು ಹಾಕೋರು ಒಬ್ಬರೇ. ಬೇರೆ ಯಾರೂ ಮುಟ್ಟಬಾರದು," ಅಂದರು.

ಪುಟ್ಟಸ್ವಾಮಿ ಅಚ್ಚುಕಟ್ಟಾಗಿ ಮಾಡಿದ. ಹಿತ್ತಿಲಿನ ಮೂಲೆಯಲ್ಲಿ ಹಸಿರು ನೆಟ್ ಕಟ್ಟಿದ ಶೆಡ್ಡು. ಗೇಟಿನ ಹತ್ತಿರ ವಾಷಿಂಗ್ ಸೋಡಾ ಕಲಸಿದ ನೀರಿನ ಬಾಂಡ್ಲಿ, ಕಾಲು ಅದ್ದುವುದಕ್ಕೆ. ಯಾರದೋ ಹುಟ್ಟುಹಬ್ಬದ ಹಳೇ ಫ್ಲೆಕ್ಸಿನ ಹಿಂಬದಿಯಲ್ಲಿ ದೊಡ್ಡದಾಗಿ 'ಪ್ರವೇಶವಿಲ್ಲ'. ನಾನು ಫೋಟೋ ನೋಡಿಯೇ ಶಭಾಷ್ ಅಂದಿದ್ದೆ.

ಈಗ ನಮ್ಮ ಕಡೆಯ ಒಂದು ಅಭ್ಯಾಸ ಹೇಳಬೇಕು. ನಮ್ಮಲ್ಲಿ ಕುರಿ ನೋಡುವುದು ಎಂದರೆ ಕಣ್ಣಲ್ಲಿ ನೋಡುವುದಲ್ಲ. ಬೆನ್ನಿನ ಮೇಲೆ ಅಂಗೈಯಿಟ್ಟು ಒತ್ತಬೇಕು. ಪಕ್ಕೆ ಮುಗಿಯುವಲ್ಲಿ ಬೆರಳು ಊರಿ, ಮೂಳೆ ಸಿಗುತ್ತದೋ ಮಾಂಸ ಸಿಗುತ್ತದೋ ಅಂತ ಹುಡುಕಬೇಕು. ಬಾಯಿ ಬಿಡಿಸಿ ಹಲ್ಲು ನೋಡಬೇಕು. ಕೊಳ್ಳುವ ಯೋಚನೆ ಇಲ್ಲದಿದ್ದರೂ ಒತ್ತಬೇಕು. ಮುಟ್ಟದೆ ಹೋದರೆ ಮನೆಯವರಿಗೆ ಬೇಸರ, ಮುಟ್ಟಲು ಬಿಡದಿದ್ದರೆ ಬಂದವರಿಗೆ ಅವಮಾನ.

ಮೊದಲು ಬಂದವರು ಚನ್ನೇಗೌಡರು. ಮದ್ದೂರಿನಲ್ಲಿ ಬಸ್ಸು ಬದಲಿಸಿ, ಮಂಡ್ಯದಲ್ಲಿ ಇನ್ನೊಂದು ಹಿಡಿದು, ಬಿಸಿಲಲ್ಲಿ ಬಂದ ಹಿರಿಯರು. ನೀರು ಕುಡಿದು ನೇರ ಹಿತ್ತಿಲಿಗೆ ನಡೆದರು. ಪುಟ್ಟಸ್ವಾಮಿ ಹಿಂದೆಯೇ ಓಡಿದ.

"ಮಾವ, ಡಾಕ್ಟ್ರು ಮುಟ್ಬಾರ್ದು ಅಂದವ್ರೆ."

"ಯಾರ್ಗೆ ಅಂದವ್ರೆ?"

"ಎಲ್ಲಾರ್ಗೂ."

"ಎಲ್ಲಾರ್ಗೂ ಅಂದವ್ರೆ, ಸರಿ. ನಂಗೂ ಅಂದವ್ರಾ?"

ಪುಟ್ಟಸ್ವಾಮಿ ಹೆಂಡತಿಯ ಮುಖ ನೋಡಿದ. ಭಾಗ್ಯಮ್ಮ ಸೂರು ನೋಡಿದರು. ಗೌಡರು ಸೋಡಾ ನೀರಿನ ಬಾಂಡ್ಲಿಯನ್ನು ದಾಟಿಕೊಂಡು ಒಳಗೆ ಹೋಗಿ, ಬಾಯಿ ಬಿಡಿಸಿ ಹಲ್ಲು ನೋಡಿ, ಬೆನ್ನು ಒತ್ತಿ, ತೀರ್ಪು ಕೊಟ್ಟರು: "ಮಾಂಸ ಏನೋ ಅದೆ ಕಣಪ್ಪ. ರುಚಿ ಇರಾಕಿಲ್ಲ." ಆಮೇಲೆ ಮಗಳ ಕುರಿಗಳ ಹತ್ತಿರ ಹೋಗಿ ಒಂದೊಂದರದ್ದೂ ಗದ್ದ ಹಿಡಿದು ಮಾತಾಡಿಸಿ, ಊಟ ಮಾಡಿ, ಬಸ್ಸು ಹತ್ತಿದರು.

ಮಾರನೇ ದಿನ ಪಕ್ಕದ ಬೀದಿಯ ಸಿದ್ದಯ್ಯ ಬಂದ. ಅವನೂ ಎರಡು ಕುರಿ ಸಾಕಿದ್ದಾನೆ. ಪುಟ್ಟಸ್ವಾಮಿ ಫ್ಲೆಕ್ಸ್ ತೋರಿಸಿದ. ಸಿದ್ದಯ್ಯ ಜಗಳಕ್ಕೇನೂ ಬರಲಿಲ್ಲ, ಮೆಲ್ಲಗೆ ಕೇಳಿದ:

"ನಿಮ್ ಮಾವಾರು ಮುಟ್ಟುದ್ರೆ ಬರ್ದೇ ಇರೋ ರೋಗ, ನಾನ್ ಮುಟ್ಟುದ್ರೆ ಬತ್ತದಾ?"

'ನೀನು ಮುಟ್ಟಬೇಡ' ಅನ್ನುವ ಮಾತಿಗೆ ನಮ್ಮ ಊರುಗಳಲ್ಲಿ ಬೇರೆಯೇ ಚರಿತ್ರೆ ಇದೆ. ಅದನ್ನು ಸೋಡಾ ನೀರಿನಲ್ಲಿ ತೊಳೆಯಲಾಗುವುದಿಲ್ಲ. ಪುಟ್ಟಸ್ವಾಮಿ ಕೆಟ್ಟವನಲ್ಲ. ನಾಚಿಕೆಯಾಗಿ ಗೇಟು ತೆಗೆದ. ಸಿದ್ದಯ್ಯನಿಗೆ ತೆಗೆದ ಮೇಲೆ ಇನ್ಯಾರಿಗೆ ಮುಚ್ಚುವುದು? ಮುಂದಿನ ಭಾನುವಾರದ ಹೊತ್ತಿಗೆ ಕ್ಯೂ ಬೆಳೆದಿತ್ತು, ಅದರಲ್ಲಿ ಮಂಡ್ಯದಿಂದ ಸ್ಕೂಟರಿನಲ್ಲಿ ಹೋದ ಈ ನಿಮ್ಮ ಅಂಕಣಕಾರನೂ ಇದ್ದ. ನಾನೂ ಒತ್ತಿದೆ. ಏನು ಗೊತ್ತಾಯಿತು ಅಂತ ಕೇಳಬೇಡಿ. ತಲೆ ಮಾತ್ರ ಆಡಿಸಿದೆ.

ಎರಡು ದಿನ ಬಿಟ್ಟು ಪುಟ್ಟಸ್ವಾಮಿಯ ಫೋನು. "ದೊರೆ ಮೇವು ಮುಟ್ತಿಲ್ಲ ಕಣ್ಲಾ. ಜೊಲ್ಲು ಸುರುಸ್ತಾವ್ನೆ. ಕುಂಟ್ತಾ ಬೇರೆ ಅವ್ನೆ."

ನಾನು ಹೋಗುವಷ್ಟರಲ್ಲಿ ಊರಿನ ತೀರ್ಪು ಹೊರಬಿದ್ದಿತ್ತು. ಫಾರಿನ್ ರೋಗ. ವಿಮಾನದಲ್ಲಿ ಬಂದದ್ದು. ಅಷ್ಟೊಂದು ಪರೀಕ್ಷೆ ಮಾಡಿದವರು ಏನು ಮಾಡುತ್ತಿದ್ದರು? ಹೆಡ್‌ಮಾಸ್ಟರು ದೆಹಲಿಗೆ ಪತ್ರ ಬರೆಯಬೇಕು ಅನ್ನುತ್ತಿದ್ದರು. ಭಾಗ್ಯಮ್ಮ ಮಾತ್ರ ಯಾರ ಮಾತೂ ಕೇಳದೆ ತಮ್ಮ ಕುರಿಗಳ ಬಾಯಿ ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರು.

ಡಾಕ್ಟರಮ್ಮ ದೊರೆಯ ನಾಲಿಗೆ, ಗೊರಸು ನೋಡಿ ಮುಖ ಗಂಟು ಹಾಕಿದರು. ಸ್ಯಾಂಪಲ್ ತೆಗೆದುಕೊಂಡರು. "ನೋಡೋಕೆ ಕಾಲುಬಾಯಿ ರೋಗದ ಹಾಗೇ ಇದೆ. ಯಾರ ಮನೇಲಾದ್ರೂ ದನ ಜೊಲ್ಲು ಸುರಿಸ್ತಿದ್ಯಾ?" ಅಂತ ಕೇಳಿದರು.

ಯಾರ ಮನೆಯಲ್ಲೂ ಇಲ್ಲ. ಎಲ್ಲರೂ ಪ್ರಮಾಣ ಮಾಡಲು ತಯಾರು. ಅಷ್ಟರಲ್ಲಿ ಭಾಗ್ಯಮ್ಮನಿಗೆ ಏನೋ ಹೊಳೆಯಿತು. ತವರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಅಪ್ಪಾ, ಮನೇಲಿ ಹಸ ಚೆನ್ನಾಗದಾ?"

"ಈಗ ಪರ್ವಾಗಿಲ್ಲ ಕಣವ್ವ. ಬಾಯೆಲ್ಲ ಉಣ್ಣಾಗಿತ್ತು. ನಿಮ್ಮೂರ್ಗೆ ಬಂದ್ನಲ್ಲ, ಅವತ್ತೂ ಒತ್ತಾರೆ ಎದ್ದು ಅದ್ರ ನಾಲ್ಗೆಗೆ ಜೇನುತುಪ್ಪ ತಿಕ್ಕೇ ಬಸ್ ಅತ್ತಿದ್ದು. ಯಾಕವ್ವ?"

ಹೆಡ್‌ಮಾಸ್ಟರು ತಮ್ಮ ಅಂಗೈ ನೋಡಿಕೊಂಡರು. ನಾನೂ ನೋಡಿಕೊಂಡೆ.

ರೋಗ ವಿಮಾನದಲ್ಲಿ ಬಂದಿರಲಿಲ್ಲ. ಮದ್ದೂರಿನಲ್ಲಿ ಬಸ್ಸು ಬದಲಿಸಿ ಬಂದಿತ್ತು.

"ಇದು ಹುಟ್ಟಿ ಬೆಳೆದ ದೇಶದಲ್ಲಿ ಕಾಲುಬಾಯಿ ರೋಗವೇ ಇಲ್ಲ," ಅಂದರು ಡಾಕ್ಟರಮ್ಮ. "ಇದರ ಮೈಗೆ ಆ ರೋಗದ ಪರಿಚಯವೇ ಇಲ್ಲ. ಇದರಿಂದ ನಿಮ್ಮ ಕುರಿಗಳನ್ನ ಕಾಪಾಡೋಕೆ ಮಾತ್ರ ದೂರ ಇಡಿ ಅಂದದ್ದಲ್ಲ. ನಿಮ್ಮಿಂದ ಇದನ್ನ ಕಾಪಾಡೋಕೂ ಅಂದದ್ದು." ಕೈ, ಚಪ್ಪಲಿ, ಪಂಚೆಯ ಅಂಚು, ಯಾವುದರಲ್ಲಾದರೂ ರೋಗ ಪ್ರಯಾಣ ಮಾಡುತ್ತದಂತೆ. ಟಿಕೆಟ್ಟೂ ಬೇಡ.

ಲ್ಯಾಬಿನಿಂದ ಬಂದ ಉತ್ತರವೂ ಅದೇ ಆಗಿತ್ತು.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಊರಿನ ಕುರಿ ದನಗಳನ್ನು ಸಂತೆಗೆ ಹೊಡೆಯುವಂತಿಲ್ಲ, ಬಯಲಿಗೆ ಬಿಡುವಂತಿಲ್ಲ. ಡಾಕ್ಟರಮ್ಮ ಮನೆಮನೆಗೂ ಹೋಗಿ ಲಸಿಕೆ ಹಾಕಿದರು. ನನ್ನ ಹೆಂಡತಿ ನನ್ನ ಆ ಭಾನುವಾರದ ಪ್ಯಾಂಟನ್ನು ಬಿಸಿನೀರಿನಲ್ಲಿ ಅದ್ದಿ ಅದ್ದಿ ತೆಗೆದಳು (ಆ ಹೊತ್ತಿಗೆ ನಾನು ಅದನ್ನೇ ಹಾಕಿಕೊಂಡು ಮಂಡ್ಯವೆಲ್ಲ ತಿರುಗಿದ್ದೆ). ದೊರೆಗೂ ನಾಲಿಗೆಗೆ ಜೇನುತುಪ್ಪವೇ ಬಿತ್ತು, ನಿಧಾನಕ್ಕೆ ಮೇವು ಮುಟ್ಟಿದ.

ಭಾಗ್ಯಮ್ಮನ ಹಿಂಡಿನಲ್ಲಿ ಎರಡು ಕುರಿಗಳ ಬಾಯಲ್ಲಿ ಗುಳ್ಳೆ ಎದ್ದವು. ಒಂದು ಚೇತರಿಸಿಕೊಂಡಿತು. ಇನ್ನೊಂದು ಕಂದು ಹಾಕಿತು, ಹೊಟ್ಟೆಯಲ್ಲಿದ್ದ ಮರಿ ಉಳಿಯಲಿಲ್ಲ. ತವರಿನಿಂದ ಮೊದಲು ಬಂದ ಎರಡು ಮರಿಗಳಲ್ಲಿ ಉಳಿದಿದ್ದುದು ಅದೊಂದೇ. ಅದರ ಕೊನೆಯ ಬಸಿರು ಇದೇ ಇರಬೇಕು ಅಂತ ಭಾಗ್ಯಮ್ಮ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದರು. ನಾನು ಹೋದಾಗ ಆ ಕುರಿಯ ಪಕ್ಕ ಗಂಜಿ ಪಾತ್ರೆ ಹಿಡಿದು ಕೂತಿದ್ದರು. ಅಳುತ್ತಿದ್ದರು. ನನಗೆ ನಿಜಕ್ಕೂ ಸಂಕಟವಾಯಿತು. "ಬುಡು ಬುಡು, ಇನ್ನೂ ಬೇಕಾದಷ್ಟು ಅವೆ" ಅಂತ ಪುಟ್ಟಸ್ವಾಮಿ ಒಂದು ಸಲ ಅಂದು, ಅವರು ನೋಡಿದ ನೋಟಕ್ಕೆ ಹೊರಗೆ ಎದ್ದು ಹೋದ.

ಉಳಿದ ಕುರಿಗಳು ಈಯುವ ದಿನ ಹತ್ತಿರ ಬಂದಿತ್ತು. ಭಾಗ್ಯಮ್ಮ ಫ್ಲೆಕ್ಸನ್ನು ಕಿತ್ತು ತಮ್ಮ ಕುರಿ ಹಟ್ಟಿಯ ಬಾಗಿಲಿಗೆ ಕಟ್ಟಿದರು. ಗಂಡನೂ ಒಳಗೆ ಹೋಗುವಂತಿಲ್ಲ. ಸಿದ್ದಯ್ಯ ತಾನಾಗಿಯೇ ಬಂದು, "ನಾನ್ ಇಲ್ಲೇ ನಿಂತ್ಕತೀನಿ ಕಣಕ್ಕ, ಏನಾರ ತಂದ್ಕೊಡ್ಬೇಕಾ?" ಅಂತ ಬೀದಿಯಿಂದಲೇ ಕೇಳಿಕೊಂಡು ಹೋಗುತ್ತಿದ್ದನಂತೆ.

ಕಳೆದ ವಾರ ಚನ್ನೇಗೌಡರು ಬಂದರು. ಕುರಿ ಕಂದು ಹಾಕಿದ ಸುದ್ದಿ ಕೇಳಿ, ಮಗಳನ್ನು ನೋಡಿಕೊಂಡು ಹೋಗೋಣ ಅಂತಲೇ ಬಂದವರು. ನಾನೂ ಅಲ್ಲಿದ್ದೆ. ಚಪ್ಪಲಿ ಬಿಟ್ಟವರೇ ಅಭ್ಯಾಸದಂತೆ ಹಟ್ಟಿಯ ಕಡೆ ನಡೆದರು. ಭಾಗ್ಯಮ್ಮ ಬಾಗಿಲಿಗೆ ಅಡ್ಡ ಬಂದರು.

"ಅಲ್ಲೇ ನಿಂತ್ಕೊ ಅಪ್ಪ."

ಗೌಡರಿಗೆ ಅರ್ಥವಾಗಲಿಲ್ಲ; ರೋಗ ಯಾರ ಕೈಯಲ್ಲಿ ಬಂತು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. "ನಾನ್ ಕೊಟ್ಟ ಕುರಿ ಕಣವ್ವ ಅವು," ಅಂದರು.

"ನೀನ್ ಕೊಟ್ಟಿದ್ದು ಅಂತ್ಲೇ ಯೋಳ್ತಿರಾದು. ಮರಿ ಆಗ್ಲಿ. ಆಮ್ಯಾಕೆ ಎತ್ಕೊಂಡು ಆಡ್ಸೀವಂತೆ."

ಗೌಡರು ಅಳಿಯನ ಕಡೆ ನೋಡಿದರು. ಈ ಸಲ ಸೂರು ನೋಡುವ ಸರದಿ ಪುಟ್ಟಸ್ವಾಮಿಯದು. ಗೌಡರು ತಿರುಗಿ ಬಂದು ಚಪ್ಪಲಿ ಮೆಟ್ಟಿಕೊಂಡರು. ಅನ್ನಕ್ಕೆ ಇಟ್ಟಿದ್ದೀವಿ ಅಂದರೂ ನಿಲ್ಲಲಿಲ್ಲ. ನಾನು ಸ್ಕೂಟರಿನಲ್ಲಿ ಮಂಡ್ಯ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದೆ.

ಮೊನ್ನೆ ಮೂರು ಮರಿಗಳಾಗಿವೆ. ಮೂರೂ ಗಟ್ಟಿಮುಟ್ಟು. ಭಾಗ್ಯಮ್ಮ ಮೊದಲ ಫೋನು ಮಾಡಿದ್ದು ಅಪ್ಪನಿಗೆ. ಇವತ್ತಿನವರೆಗೂ ಗೌಡರು ಎತ್ತಿಲ್ಲ.

ದೇಶದ ಬಾಗಿಲಲ್ಲಿ ಕುರಿಯನ್ನು ತಡೆದು ನಿಲ್ಲಿಸುವವರಿಗೆ ಕಾಯ್ದೆ ಇದೆ, ಸೀಲು ಇದೆ, ಸಂಬಳವೂ ಇದೆ. ಹಟ್ಟಿಯ ಬಾಗಿಲಲ್ಲಿ ಹೆತ್ತ ಅಪ್ಪನನ್ನೇ ತಡೆದು ನಿಲ್ಲಿಸಿದ ಮಗಳ ಫೋನನ್ನು ಎತ್ತಬೇಕು ಅಂತ ಯಾವ ಇಲಾಖೆ ಆರ್ಡರ್ ಹೊರಡಿಸುತ್ತದೆ?