ಅಮಾಸಿ ಮುಗಿಯುವ ತನಕ

ಮುಂಡರಗಿಯ ಒಂದು ವೃದ್ಧಾಶ್ರಮಕ್ಕೆ ಸೋಲಾರ್ ಹೀಟರ್ ಪರೀಕ್ಷಿಸಲು ಹೋಗಿದ್ದೆ. ಪಡಸಾಲೆಯಲ್ಲಿ ಒಬ್ಬ ಅಜ್ಜಿ ಎಡಗೈಯನ್ನು ಎದೆಗೆ ಅವಚಿಕೊಂಡು ಕೂತಿದ್ದರು. ಮಣಿಕಟ್ಟು ಊದಿ ಸೊಟ್ಟಗಾಗಿತ್ತು. ಮೇಲೆ ಹಚ್ಚಿದ ಅರಿಶಿಣ-ಸುಣ್ಣ ಒಣಗಿ ಬಿರುಕು ಬಿಟ್ಟಿತ್ತು.

"ಮೊನ್ನೆ ಬಚ್ಚಲದಾಗ ಬಿದ್ದಾರ್ರೀ," ಎಂದರು ಮ್ಯಾನೇಜರ್. "ಇವತ್ತ ಅಮಾಸಿ. ನಾಳೆ ಅವರ ಅಳಿಯಗ ಕೇಳಿ ದವಾಖಾನಿಗೆ ಒಯ್ತೀವಿ."

"ಮುರಿದ ಎಲುಬಿಗೆ ಅಮಾವಾಸ್ಯೆ ಗೊತ್ತಾಗ್ತದೇನ್ರೀ?"

"ಸಾಹೇಬ್ರ, ನೀವು ಸೋಲಾರ್ ನೋಡಾಕ ಬಂದೀರಿ. ಸೋಲಾರ್ ನೋಡ್ರಿ."

ತಪ್ಪು ಕಂಡರೆ ಸುಮ್ಮನಿರುವುದು ನನಗೆ ಆಗದು. "ಅಜ್ಜಿಯವರನ್ನ ಕೇಳಿದ್ರೇನು?" ಎಂದೆ. ಅಳಿಯನನ್ನು ಕೇಳಬೇಕೆಂದು ಗೊತ್ತಿದ್ದ ಮ್ಯಾನೇಜರಿಗೆ, ಕೈ ಯಾರದೋ ಅವರನ್ನೇ ಕೇಳಬಹುದೆಂದು ಹೊಳೆದೇ ಇರಲಿಲ್ಲ.

ನಾನೇ ಕೇಳಿದೆ. "ಅಮ್ಮಾ, ಇವತ್ತು ಅಮಾವಾಸ್ಯೆ. ದವಾಖಾನೆಗೆ ಬರ್ತೀರೇನು?"

"ಅಮಾಸಿ ದಿನಾನ ಹುಟ್ಟೀನಪ್ಪಾ, ಇನ್ನೇನ ಕೆಡೂದೈತಿ? ಕಾರ್ ತಂದೀಯಿಲ್ಲೋ? ನಡಿ ಜಲ್ದಿ!"

ಗದಗಿನಲ್ಲಿ ಎಲುಬು ಕೂಡಿಸಿ ಪ್ಲಾಸ್ಟರ್ ಹಾಕಿದರು. ಇನ್ನೂ ತಡವಾಗಿದ್ದರೆ ಕೈ ಸೊಟ್ಟಗೇ ಉಳಿಯುತ್ತಿತ್ತು ಎಂದು ಡಾಕ್ಟರು ಬೈದರು. ಜೊತೆಗೆ ಬಂದಿದ್ದ ಮ್ಯಾನೇಜರ್ ಬೈಗುಳದ ಜೊತೆಗೆ ಔಷಧದ ಚೀಟಿಯನ್ನೂ ಇಸಿದುಕೊಂಡರು.

ಕಳೆದ ತಿಂಗಳು ಮತ್ತೆ ಹೋದಾಗ ಅಜ್ಜಿ ಎರಡೂ ಕೈಯಿಂದ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲಿದ್ದ ಅಜ್ಜ ನನ್ನ ಮೇಲೆ ಹರಿಹಾಯ್ದರು: "ನೀವ ಏನ್ರೀ ಆ ಸೋಲಾರ್ ಸಾಹೇಬ್ರು? ಈಗ ಕಾಲಿಗೆ ಮುಳ್ಳ ಚುಚ್ಚಿದ್ರೂ ಈ ಮ್ಯಾನೇಜರ್ ಆಟೋ ತರಸ್ತಾನ. ಆರಾಮ ಕುಂತು ಮುಳ್ಳ ತಗಸ್ಕೊಳ್ಳಾಕ ಬಿಡವಲ್ಲ!"

ದೂರನ್ನು ಸ್ವೀಕರಿಸಿದ್ದೇನೆ. ಸರಿಪಡಿಸುವ ಇರಾದೆ ಇಲ್ಲ.